ಸೆನೆಟರರಿಗೆ ಬಂದ ಕರೆಗಳನ್ನು ಅಬಿಡ್ಸ್‌ನಲ್ಲಿ ಕೇಳಿದ್ದು

ಅಮೆರಿಕದ ಜನ ತಮ್ಮ ಜನಪ್ರತಿನಿಧಿಯ ಕಚೇರಿಗೆ ಫೋನ್ ಮಾಡಿ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಕಚೇರಿಯಲ್ಲಿ ಯಾರೂ ಎತ್ತದಿದ್ದರೆ ಯಂತ್ರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಯಾರೋ ಒಬ್ಬರು ಕೂತು ಅದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಆ ಯಾರೋ ಒಬ್ಬರು ಹೈದರಾಬಾದಿನ ಅಬಿಡ್ಸ್‌ನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ ಕೂತಿದ್ದಾರೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಚಳಿಗಾಲದಿಂದ ಬೇಸಿಗೆ ಕಾಲಿಡುವ ತನಕ ಆ ಯಾರೋ ಒಬ್ಬರು ನಾನಾಗಿದ್ದೆ.

ಆಗ ಹೈದರಾಬಾದಿನ ಅರ್ಧ ಯುವಜನ ರಾತ್ರಿ ಎದ್ದಿದ್ದು ಹಗಲು ಮಲಗುತ್ತಿತ್ತು. ದಿಲ್‌ಸುಖ್‌ನಗರದ ನಮ್ಮ ಓಣಿಯಿಂದ ಸಂಜೆಯಾಗುತ್ತಲೇ ಕಂಪನಿಯ ಗಾಡಿಗಳು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೈಟೆಕ್ ಸಿಟಿಯ ಕಡೆ ಹೊರಡುತ್ತಿದ್ದವು. ಕಂಪ್ಯೂಟರ್ ಕಲಿಸುವ ಕೋಚಿಂಗ್ ಸೆಂಟರುಗಳ ಹಾಳೆ ಅಂಟಿಸದ ಒಂದು ಗೋಡೆಯೂ ಉಳಿದಿರಲಿಲ್ಲ. ನಮ್ಮದು ಮಾತ್ರ ಹಗಲಿನ ಕೆಲಸ. ಅವರ ಹಗಲಿನಲ್ಲಿ ಬಂದ ಕರೆಗಳು ನಮ್ಮ ಬೆಳಿಗ್ಗೆಗೆ ಇಂಟರ್ನೆಟ್ಟಿನಲ್ಲಿ ಬಂದು ಬಿದ್ದಿರುತ್ತಿದ್ದವು. ಅವರು ಎದ್ದು ಕಾಫಿ ಕುಡಿಯುವ ಹೊತ್ತಿಗೆ ನಾವು ಅದನ್ನೆಲ್ಲ ಅಕ್ಷರಕ್ಕಿಳಿಸಿ, ವಿಂಗಡಿಸಿ ಕಳಿಸಿರಬೇಕಿತ್ತು.

ಅದಕ್ಕೂ ಮೊದಲು ನಾವು ಅಲ್ಲಿನ ವೈದ್ಯರು ಹೇಳಿದ ರೋಗಿಗಳ ವಿವರ ಕೇಳಿ ಟೈಪ್ ಮಾಡುತ್ತಿದ್ದೆವು. ಆ ಕೆಲಸ ಬರಬರುತ್ತ ಕಡಿಮೆಯಾಯಿತು. ನಮ್ಮ ಮ್ಯಾನೇಜರು ರಾಯಚೂರು ಕಡೆಯವರು. ಕಚೇರಿಯಲ್ಲಿ ಎಲ್ಲರೊಡನೆ ತೆಲುಗು, ಇಂಗ್ಲಿಷು. ನನ್ನೊಡನೆ ಮಾತ್ರ ಕನ್ನಡ. ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ನೋಡ್ರಿ ಮೇಡಂ, ದವಾಖಾನಿ ಕೆಲಸ ಕಮ್ಮಿ ಆಗಾಕತ್ತೈತಿ. ಇದು ರಾಜಕೀಯದ್ದು. ಕೇಳೂದು, ಬರಿಯೂದು, ಅಷ್ಟ. ಭಾಳ ತಲಿ ಹಚ್ಚಬ್ಯಾಡ್ರಿ. ಇದು ಗಟ್ಟಿ ಆತಂದ್ರ ಎಲ್ಲಾರ ನೌಕರಿ ಉಳಿತಾವು."

ನನಗೆ ತಲೆ ಹಚ್ಚದೆ ಮಾಡುವ ಕೆಲಸ ಯಾವುದೂ ಗೊತ್ತಿಲ್ಲ. ಅವ್ವ ನನ್ನನ್ನು ಅಂಡು ಸುಟ್ಟ ಬೆಕ್ಕು ಎನ್ನುತ್ತಾಳೆ. ಮನೆಯಲ್ಲಿ ಊಟಕ್ಕೆ ಕೂತರೂ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬರುವವಳು ನಾನು. ಇಂಥವಳಿಗೆ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವ ಕೆಲಸ. ಮೇಜಿನ ಕೆಳಗೆ ಒಂದು ಪೆಡಲ್ ಇರುತ್ತದೆ. ಒತ್ತಿದರೆ ಧ್ವನಿ ಓಡುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ. ನನ್ನ ಕಾಲು ಸುಮ್ಮನೆ ಇರದೆ ಅಮೆರಿಕದ ವೈದ್ಯರೆಲ್ಲ ನನ್ನ ಕಿವಿಯಲ್ಲಿ ತೊದಲುತ್ತಿದ್ದರು.

ಹೊಸ ಗಿರಾಕಿ ಒಂದು ರಾಜ್ಯದ ಸೆನೆಟರ್. ದಿಲ್ಲಿಯಂಥ ಅವರ ರಾಜಧಾನಿಯಲ್ಲಿ ಕೂರುವವರಲ್ಲ; ನಮ್ಮ ಎಮ್ಮೆಲ್ಲೆಗಳ ಹಾಗೆ ರಾಜ್ಯದ ಶಾಸನಸಭೆಯವರು. ಹಿಮ ಬೀಳುವ ಸಣ್ಣ ಸಣ್ಣ ಊರುಗಳ ಕ್ಷೇತ್ರ. ರಿಪಬ್ಲಿಕನ್ ಪಕ್ಷ, ಆದರೆ ಪಕ್ಷದ ಬಿಸಿ ತಲೆಗಳ ಗುಂಪಿಗೆ ಸೇರಿದವರಲ್ಲ. ಇಂಥವರನ್ನು ಮಾಡರೇಟ್ ಎನ್ನುತ್ತಾರೆಂದು ನಮಗೆ ಕೊಟ್ಟ ಕೈಪಿಡಿಯಲ್ಲಿತ್ತು. ಹೈಸ್ಕೂಲಿನಲ್ಲಿ ಮಂದಗಾಮಿಗಳು, ತೀವ್ರಗಾಮಿಗಳು ಎಂದು ಎರಡು ಕಲಂ ಮಾಡಿ ವ್ಯತ್ಯಾಸ ಬರೆಯಿರಿ ಎಂದು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಕೇಳುತ್ತಿದ್ದರಲ್ಲ, ನನಗೆ ಅದು ನೆನಪಾಯಿತು. ಆಗ ನನ್ನ ಓಟು ಯಾವಾಗಲೂ ತೀವ್ರಗಾಮಿಗಳಿಗೆ. ಮನವಿ ಬರೆಯುತ್ತ ಕೂತವರ ಮೇಲೆ ಸಿಟ್ಟು ಬರುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು. ಪ್ರತಿ ಕರೆಯನ್ನು ಕೇಳಿ ಎರಡು ಸಾಲಿನ ಸಾರಾಂಶ ಬರೆಯಬೇಕು. ಯಾವ ವಿಷಯ ಎಂದು ಗುರುತಿಸಬೇಕು. ಆಮೇಲೆ ನಿಲುವು: ಪರ, ವಿರೋಧ, ಅನಿಶ್ಚಿತ, ಮೆಚ್ಚುಗೆ, ಈ ನಾಲ್ಕರಲ್ಲಿ ಒಂದು. ಕೊನೆಗೆ ಬಿಸಿ. ಅಂದರೆ ಕರೆ ಮಾಡಿದವರು ಎಷ್ಟು ಕಾವಿನಲ್ಲಿದ್ದಾರೆ ಎಂದು ಒಂದರಿಂದ ಐದರೊಳಗೆ ಅಂಕ. ಮೇಜು ಕುಟ್ಟಿ ಕೂಗಿದರೆ ಐದು. ತಣ್ಣಗೆ ಮಾತಾಡಿದರೆ ಒಂದು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಊಹೆ ಮಾಡಕೂಡದು. ಬಾಯಿಬಿಟ್ಟು ಬೇಡ ಎಂದರೆ ಮಾತ್ರ ವಿರೋಧ. ಈ ನಿಯಮ ನಮ್ಮವರಿಗೆ ಸಲೀಸು. ವೈದ್ಯರ ಮಾತು ಟೈಪ್ ಮಾಡುವಾಗ ಔಷಧಿಯ ಹೆಸರು ಸರಿಯಾಗಿ ಕೇಳಿಸದಿದ್ದರೆ ಊಹಿಸಿ ಬರೆದವನ ಕೆಲಸ ಹೋಗುತ್ತಿತ್ತು. ಖಾಲಿ ಬಿಡು, ಊಹಿಸಬೇಡ ಎಂಬುದು ನಮ್ಮ ರಕ್ತದಲ್ಲೇ ಸೇರಿಹೋಗಿತ್ತು. ನಾನು ಬರೆದದ್ದನ್ನು ಪಕ್ಕದ ಮೇಜಿನ ಸಹೋದ್ಯೋಗಿ ಪರಿಶೀಲಿಸಿ ಮುಂದೆ ಕಳಿಸಬೇಕು, ಅವನು ಬರೆದದ್ದನ್ನು ನಾನು. ಅವನು ಹಳೇ ಪೇಟೆಯವನು, ಹಿಂದೆ ಕೋಠಿಯ ಔಷಧಿ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದವನು, ಬಾಯಿ ತೆರೆದರೆ ಹೈದರಾಬಾದಿನ ದಖನಿ ಉರ್ದು.

ಮೊದಮೊದಲು ನಾನು ಬೆರಗಾಗಿ ಹೋದೆ. ನಮ್ಮಲ್ಲಿ ರಾಜಕೀಯವೆಂದರೆ ಆಟೋಕ್ಕೆ ಕಟ್ಟಿದ ಮೈಕು. ಅದು ನಮ್ಮ ಓಣಿಗೆ ಬಂದು ಕೂಗಿ ಹೋಗುತ್ತದೆ. ನಾವು ತಿರುಗಿ ಕೂಗಲು ಅದಕ್ಕೆ ಕಿವಿಯಿಲ್ಲ. ಅಲ್ಲಿ ನೋಡಿದರೆ ಒಬ್ಬ ರೈತ ತನ್ನ ಮನೆಯ ಮುಂದಿನ ಚರಂಡಿಯ ಬಗ್ಗೆ ಹೇಳಿದ್ದನ್ನೂ ಸಮುದ್ರದಾಚೆ ಕಳಿಸಿ ಬರೆಸಿಕೊಳ್ಳುತ್ತಾರೆ. ಪ್ರಜಾಪ್ರಭುತ್ವ ಎಂದರೆ ಇದಪ್ಪ ಎಂದು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳುತ್ತಿದ್ದೆ.

ಆ ಬೆರಗು ಬಹಳ ದಿನ ಉಳಿಯಲಿಲ್ಲ. ಕೇಳುತ್ತ ಹೋದ ಹಾಗೆ ಒಂದೇ ಮಾತು ಬೇರೆ ಬೇರೆ ಗಂಟಲಿನಿಂದ ಬರತೊಡಗಿತು. ಅದೇ ವಾಕ್ಯ, ಅದೇ ಸಿಟ್ಟು, ಸಿಟ್ಟು ಏರುವ ಜಾಗವೂ ಅದೇ. ಯಾವುದೋ ಸಂಘದವರು ಹಾಳೆಯಲ್ಲಿ ಬರೆದು ಹಂಚಿದ್ದನ್ನು ಇವರು ಓದಿ ಒಪ್ಪಿಸುತ್ತಿದ್ದರು. ಒಬ್ಬಾತ ಮಧ್ಯದಲ್ಲಿ ಕನ್ನಡಕ ಹುಡುಕಿಕೊಂಡು ಮತ್ತೆ ಅಲ್ಲಿಂದಲೇ ಸಿಟ್ಟಾದ. ರಿಪಬ್ಲಿಕನ್ನರ ಕಡೆಯವರದೂ ಅಷ್ಟೇ, ಎದುರಿನ ಡೆಮಾಕ್ರಟರ ಕಡೆಯವರದೂ ಅಷ್ಟೇ. ನಮ್ಮ ಕಡೆ ಲಾರಿಯಲ್ಲಿ ಜನರನ್ನು ತುಂಬಿಕೊಂಡು ಬರುತ್ತಾರೆ, ಇವರು ಫೋನಿನಲ್ಲಿ ತುಂಬುತ್ತಾರೆ. ನನಗೆ ಮೋಸವಾದ ಹಾಗೆ ಅನಿಸಿತು. ದೂರದ ಬೆಟ್ಟ ನುಣ್ಣಗೆ ಎಂದು ಗೊತ್ತಿದ್ದೂ ನಂಬಿದ್ದೆ. ಸಂಜೆ ಕೋಠಿಯಲ್ಲಿ ಬಸ್ಸಿಗೆ ಕಾಯಲಾರದೆ ಒಂದೊಂದು ದಿನ ಮನೆಯ ದಾರಿಯಲ್ಲಿ ಅರ್ಧಕ್ಕರ್ಧ ನಡೆದುಬಿಡುತ್ತಿದ್ದೆ.

ಆ ಗದ್ದಲದ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆನೆಟರರ ಸ್ವಂತ ಧ್ವನಿ. ಯಂತ್ರ ಬೀಪ್ ಎನ್ನುವ ಮುಂಚೆ ಕರೆ ಮಾಡಿದವರಿಗೆ ಕೇಳಿಸುವ ಅವರ ಒಂದು ಚಿಕ್ಕ ಸಂದೇಶ ನಮಗೆ ಬಂದ ಧ್ವನಿಯಲ್ಲೂ ಇರುತ್ತಿತ್ತು. ಪ್ರತಿ ವಾರ ಹೊಸದಾಗಿ ಮಾತಾಡಿ ಇಡುತ್ತಿದ್ದರು. ಮೊದಲು ಹವಾಮಾನ. ಆಮೇಲೆ, "ನೀವು ಕೋಪದಲ್ಲಿದ್ದರೆ ಕೋಪದಲ್ಲೇ ಮಾತಾಡಿ, ನನಗೆ ಬೇಸರವಿಲ್ಲ. ನನ್ನ ಪಕ್ಷ ಹೇಳುವುದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಎದುರಿನವರು ಹೇಳುವುದೆಲ್ಲ ತಪ್ಪು ಎಂದೂ ಹೇಳುವುದಿಲ್ಲ. ಇಬ್ಬರ ಮಾತಿನಲ್ಲೂ ತಿರುಳಿದೆ. ನಿಮ್ಮ ಮಾತು ನನ್ನ ಮನಸ್ಸಿನಲ್ಲಿರುತ್ತದೆ." ವಯಸ್ಸಾದ, ದಣಿದ, ಮೆತ್ತಗಿನ ಧ್ವನಿ. ನಾನು ಪೆಡಲ್ ಮೇಲೆ ಕಾಲು ಅಲ್ಲಾಡಿಸದೆ ಕೇಳುತ್ತಿದ್ದ ಧ್ವನಿ ಅದೊಂದೇ. ಹೈಸ್ಕೂಲಿನಲ್ಲಿ ಬೈದುಕೊಂಡ ಮಂದಗಾಮಿಗಳನ್ನೆಲ್ಲ ನಾನು ಒಳಗೊಳಗೇ ಕ್ಷಮಿಸಿದೆ. ಕೂಗುವವರೇ ತುಂಬಿದ ಲೋಕದಲ್ಲಿ ಹೀಗೆ ಮಾತಾಡುವವನೊಬ್ಬನಿದ್ದರೆ ಸಾಕು ಅನಿಸುತ್ತಿತ್ತು. ಮನೆಯಲ್ಲಿ ಎಷ್ಟು ಹೊಗಳಿದೆನೆಂದರೆ ಅವ್ವ ಅವರಿಗೆ 'ನಿನ್ನ ಅಮೇರಿಕಾದ ಯಜಮಾನ' ಎಂದೇ ಹೆಸರಿಟ್ಟಳು.

ಅಷ್ಟರಲ್ಲಿ ಆ ಮಸೂದೆ ಬಂತು. ಸಣ್ಣ ಊರುಗಳ ಆಸ್ಪತ್ರೆಗಳಿಗೆ ರಾಜ್ಯ ಕೊಡುತ್ತಿದ್ದ ನೆರವನ್ನು ನಿಲ್ಲಿಸುವ ಮಸೂದೆ. ಅದು ರಿಪಬ್ಲಿಕನ್ ಪಕ್ಷದ್ದೇ. ನಮ್ಮ ಸೆನೆಟರರ ಕ್ಷೇತ್ರದಲ್ಲಿ ಅಂಥದೊಂದು ಆಸ್ಪತ್ರೆಯಿತ್ತು. ನೆರವು ನಿಂತರೆ ಅದು ಮುಚ್ಚುವುದು ಖಾತ್ರಿ. ಸೆನೆಟರ್ ತಮ್ಮ ಸಂದೇಶದಲ್ಲಿ, ನಾನಿನ್ನೂ ತೀರ್ಮಾನಿಸಿಲ್ಲ, ನನ್ನ ಕ್ಷೇತ್ರದ ಜನ ಹೇಳಿದಂತೆ ನಡೆಯುತ್ತೇನೆ ಎಂದರು. ಕರೆಗಳು ಪ್ರವಾಹದಂತೆ ಬಂದವು.

ಅವುಗಳಲ್ಲಿ ಒಬ್ಬ ಅಜ್ಜಿಯ ಕರೆ ಮತ್ತೆ ಮತ್ತೆ ಬರುತ್ತಿತ್ತು. ಹಿಂದೆ ಶಾಲೆಯ ಬಸ್ ಓಡಿಸುತ್ತಿದ್ದಾಕೆ. ಗಂಡನಿಗೆ ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ಸಲ ಆ ಆಸ್ಪತ್ರೆಯಲ್ಲೇ ಡಯಾಲಿಸಿಸ್. ಅದು ಮುಚ್ಚಿದರೆ ಇನ್ನೊಂದಕ್ಕೆ ಹಿಮದ ರಸ್ತೆಯಲ್ಲಿ ಅರ್ಧ ದಿನದ ದಾರಿ. ಇದನ್ನೆಲ್ಲ ಆಕೆ ಅಳುತ್ತ ಹೇಳಲಿಲ್ಲ. "ಸೆನೆಟರ್, ನಿಮಗೆ ಕೆಲಸ ಬಹಳ ಇರುತ್ತದೆ, ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನೀವು ನಮಗೆ ಯಾವಾಗಲೂ ಒಳ್ಳೆಯದನ್ನೇ ಮಾಡಿದ್ದೀರಿ. ಈ ಮಸೂದೆ ನಮ್ಮ ಕಡೆಯವರಿಗೆ ಅಷ್ಟು ಅನುಕೂಲ ಆಗಲಿಕ್ಕಿಲ್ಲವೇನೋ ಅನಿಸುತ್ತದೆ. ನಿಮಗೆ ತಿಳಿಯದ್ದೇನಲ್ಲ. ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದೆ, ಹುಷಾರಾಗಿ ಓಡಾಡಿ." ಪ್ರತಿ ಕರೆಯ ಕೊನೆಗೂ ರಸ್ತೆ ಹುಷಾರು ಎಂಬ ಮಾತು ಇದ್ದೇ ಇರುತ್ತಿತ್ತು. ನಮ್ಮ ಕಚೇರಿಯಲ್ಲಿ ಅದು ರೂಢಿಯಾಗಿಬಿಟ್ಟಿತು. ಸಂಜೆ ಚೀಲ ಎತ್ತಿಕೊಂಡು ಹೊರಡುವಾಗ, ಬಿಸಿಲಿಗೆ ಡಾಂಬರು ಮೆತ್ತಗಾದ ಅಬಿಡ್ಸ್ ರಸ್ತೆಗೆ ಇಳಿಯುವ ಮುಂಚೆ, ಮಂಜುಗಡ್ಡೆ ಇದೆ ಹುಷಾರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದೆವು.

ಆಕೆಯ ಕರೆಗೆ ನಾವು ಹಾಕಿದ್ದು: ಅನಿಶ್ಚಿತ, ಬಿಸಿ ಒಂದು. ಆಕೆಯಂಥವರೇ ಬಹಳ ಮಂದಿ. ವಾರದ ವರದಿ ತಯಾರಾದಾಗ ಪರ ಸ್ವಲ್ಪ, ವಿರೋಧ ಸ್ವಲ್ಪ, ಅನಿಶ್ಚಿತವೇ ಗುಡ್ಡೆ. ಮುಂದಿನ ವಾರದ ಸಂದೇಶದಲ್ಲಿ ಸೆನೆಟರ್ ಅಂದರು: "ನಿಮ್ಮಲ್ಲಿ ಹೆಚ್ಚಿನವರು ಇನ್ನೂ ಮನಸ್ಸು ಮಾಡಿಲ್ಲ. ನಿಜ ಹೇಳಬೇಕೆಂದರೆ ನಾನೂ ಮಾಡಿಲ್ಲ." ಅದನ್ನು ಕೇಳಿ ನಾನು ಕುರ್ಚಿಯಿಂದ ಜಿಗಿದೆ. ನಾವು ಎಣಿಸಿದ್ದು ಅವರ ಬಾಯಿಂದ ಬಂದಿತ್ತು! ಅಬಿಡ್ಸ್‌ನಲ್ಲಿ ಕೂತು ಅಮೆರಿಕದ ಶಾಸನಸಭೆಗೆ ಮಾತು ಮುಟ್ಟಿಸಿದೆವಲ್ಲ ಎಂದು ಎಲ್ಲರಿಗೂ ಕ್ಯಾಂಟೀನಿನಿಂದ ಇರಾನಿ ಚಹಾ ತರಿಸಿದೆ.

ಆ ಹಿಗ್ಗು ಇಳಿದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ನನ್ನ ಕಾಕಾನ ಮಗಳನ್ನು ನೋಡಲು ಕೋಠಿಯ ಬಟ್ಟೆ ವ್ಯಾಪಾರದ ಮನೆಯವರೊಬ್ಬರು ಬಂದಿದ್ದರು. ಹುಡುಗಿಯನ್ನು ಊರಿಂದ ಕರೆಸಿ ನಮ್ಮಲ್ಲೇ ತೋರಿಸಿದ್ದೆವು. ಭಾನುವಾರ ಅವರ ಫೋನು ಬಂತು. ಅವ್ವ "ಹೌದ್ರಿ, ಆಗ್ಲೇಳ್ರಿ, ಅದಕ್ಕೇನೈತ್ರಿ" ಎಂದು ನಗುನಗುತ್ತ ಮಾತಾಡಿ ಫೋನ್ ಇಟ್ಟಳು. ಹುಡುಗಿ ಬಾಗಿಲ ಹಿಂದಿನಿಂದ ಬಂದಳು.

"ಏನಂದ್ರ ದೊಡ್ಡವ್ವ?"

"ಹುಡುಗಿ ಬಂಗಾರದಂಥಾಕಿ ಅಂದ್ರು. ಉಪ್ಪಿಟ್ಟು ಭಾಳ ಚಲೊ ಆಗಿತ್ತಂತ. ಹಿರ್ಯಾರ್ನ ಕೇಳಿ ತಿಳಿಸ್ತೀವಿ ಅಂದ್ರು."

"ಹಂಗಾರ ಇನ್ನೂ ಏನೂ ಹೇಳಿಲ್ಲ."

"ಹುಚ್ಚಿ, ಒಲ್ಲೆ ಅಂದ್ರವಾ," ಅಂದಳು ಅವ್ವ. "ಬೇಕಾದವ್ರು ಉಪ್ಪಿಟ್ಟು ಹೊಗಳ್ಕೋತ ಕೂಡೂದಿಲ್ಲ. ಹುಡುಗಿ ಏನ್ ಓದ್ಯಾಳ, ಮದವಿ ಎಲ್ಲಿ ಮಾಡ್ತೀರಿ, ಎಷ್ಟು ಮಂದಿ ಬರ್ತೀರಿ, ನೂರಾಎಂಟು ಕೇಳ್ತಾರ. ಮನಸ ಇದ್ದವ್ರ ಕಡೆ ಪ್ರಶ್ನಿ ಇರ್ತಾವು. ಮನಸ ಮುರದವ್ರು ಹೊಗಳಿ ಫೋನ್ ಇಡ್ತಾರ."

ಇದು ನನಗೆ ಹೊಸದೇನಲ್ಲ. ನನ್ನನ್ನೇ ನೋಡಲು ಬಂದು ಉಪ್ಪಿಟ್ಟು ಹೊಗಳಿ ಹೋದವರ ಸಾಲು ದೊಡ್ಡದಿದೆ. ಆಮೇಲೆ ನಾನೇ ಈ ಉಸಾಬರಿ ಸಾಕೆಂದು ಬಾಗಿಲು ಹಾಕಿದೆ. ನಮ್ಮ ಕಡೆ ಮುಖದ ಮೇಲೆ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ತಿಳಿಸ್ತೀವಿ ಎಂದರೆ ಮುಗಿಯಿತೆಂದು ಹೆಣ್ಣು ಹೆತ್ತವರಿಗೆ ಗೊತ್ತು. ಹುಡುಗಿ ಒಳಗೆ ಹೋಗಿ ಸೀರೆ ಬದಲಿಸಿದಳು. ನಾನು ಮಾತ್ರ ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡತೊಡಗಿದೆ. ನನ್ನ ಕಿವಿಯಲ್ಲಿದ್ದದ್ದು ಆ ಅಜ್ಜಿಯ ಧ್ವನಿ. ನೀವು ಯಾವಾಗಲೂ ಒಳ್ಳೆಯದನ್ನೇ ಮಾಡಿದ್ದೀರಿ. ಅನುಕೂಲ ಆಗಲಿಕ್ಕಿಲ್ಲವೇನೋ. ಆಕೆ ಅನಿಶ್ಚಿತಳಲ್ಲ. ಮೊದಲ ಕರೆಯಿಂದಲೂ ಆಕೆ ಒಲ್ಲೆ ಎಂದೇ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಅನಿಶ್ಚಿತದ ಗುಡ್ಡೆಯನ್ನು ಮತ್ತೆ ಕೇಳಲು ಕೂತೆ. ಅವ್ವನ ಅಳತೆಗೋಲನ್ನೇ ಹಿಡಿದೆ: ಇವರು ಏನಾದರೂ ಕೇಳುತ್ತಿದ್ದಾರೆಯೇ? ಕೆಲವರು ಕೇಳುತ್ತಿದ್ದರು. ನೆರವು ನಿಂತರೆ ನರ್ಸುಗಳು ಎಲ್ಲಿಗೆ ಹೋಗಬೇಕು, ತೆರಿಗೆ ಎಷ್ಟು ಇಳಿಯುತ್ತದೆ, ಆಂಬುಲೆನ್ಸು ಇರುತ್ತದೋ ಇಲ್ಲವೋ. ಅವರು ನಿಜಕ್ಕೂ ತೂಗಿ ನೋಡುತ್ತಿದ್ದವರು. ಆದರೆ ಅಂಥವರು ಕೆಲವೇ ಮಂದಿ. ಉಳಿದವರದೆಲ್ಲ ಒಂದೇ ರಾಗ. ಮೊದಲು ಹೊಗಳಿಕೆ, ನಡುವೆ ಒಂದು ಸಣ್ಣ 'ಅಷ್ಟು ಸರಿಹೋಗಲಿಕ್ಕಿಲ್ಲ', ಕೊನೆಗೆ ಹವಾಮಾನ. ಒಂದು ಪ್ರಶ್ನೆಯೂ ಇಲ್ಲ. ಆ ಹಿಮದ ಊರುಗಳ ಜನ ನಮ್ಮ ಬೀಗರ ಹಾಗೆಯೇ ಇದ್ದರು. ಅವರ ಕ್ಷೇತ್ರ ಆ ಮಸೂದೆಯನ್ನು ಒಲ್ಲೆ ಎಂದಿತ್ತು, ನಾವು ಅದನ್ನು ಗೊತ್ತಿಲ್ಲ ಎಂದು ಬರೆದು ಕಳಿಸುತ್ತಿದ್ದೆವು.

ಪಕ್ಕದ ಮೇಜಿನವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಗುಸ್ಸಾಚ್ ನೈ, ತೋ ಖಿಲಾಫ್ ಕೈಸಾ ಮೇಡಂ?" ಅಂದ. ಸಿಟ್ಟೇ ಇಲ್ಲದಿದ್ದ ಮೇಲೆ ವಿರೋಧ ಹೇಗಾಗುತ್ತದೆ ಎಂಬುದು ಅವನ ಪ್ರಶ್ನೆ. ತಪ್ಪೇನಿಲ್ಲ. ಹೈದರಾಬಾದಿನಲ್ಲಿ ಆಟೋದವನಿಗೆ ಎಡಕ್ಕೆ ತಿರುಗು ಎನ್ನುವುದನ್ನೂ ಜಗಳದ ಧ್ವನಿಯಲ್ಲೇ ಹೇಳಬೇಕು. ಮೆತ್ತಗೆ ಹೇಳಿದ್ದನ್ನು ಇಲ್ಲಿ ಯಾರೂ ಮಾತೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮ್ಯಾನೇಜರಿಗೆ ಹೇಳಿದಾಗ ಅವರು ಎದ್ದು ಬಾಗಿಲು ಮುಚ್ಚಿದರು.

"ಇಷ್ಟ ದಿನ ಕಳಸಿದ್ದು ತಪ್ಪೈತಿ ಅಂತ ನಾವ ಹೋಗಿ ಗಿರಾಕಿಗೆ ಹೇಳೂದೇನ್ರಿ? ಕರಾರು ಹೊಸಾದು ಮಾಡು ಟೈಮಿನ್ಯಾಗ? ರೂಲ್ ಪ್ರಕಾರ ಮಾಡೀವಿ. ಊಹಾ ಮಾಡಬ್ಯಾಡ್ರಿ ಅಂತ ಅವ್ರ ಹೇಳ್ಯಾರ."

"ಊಹಾ ಅಲ್ರಿ ಸರ್. ನೀವೂ ಮಗಳನ್ನ ಕೊಟ್ಟೀರಿ. ತಿಳಿಸ್ತೀವಿ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?"

ಅವರು ನಕ್ಕುಬಿಟ್ಟರು. ಮತ್ತೆ ಗಂಭೀರವಾದರು. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗೊಂದು ದಾರಿ ಹೇಳ್ರಿ."

ಆ ದಾರಿಯನ್ನು ನಾನು ಓಡಾಡುತ್ತಲೇ ಯೋಚಿಸಿದ್ದೆ. ಹಾಕಿದ ಗುರುತುಗಳನ್ನು ಮುಟ್ಟುವುದು ಬೇಡ. ಅನಿಶ್ಚಿತವನ್ನೇ ಎರಡು ಪಾಲು ಮಾಡಿ, ಪ್ರಶ್ನೆ ಕೇಳಿದವರು, ಕೇಳದವರು ಎಂದು ತೋರಿಸೋಣ. ಕೇಳದವರ ಮಾತನ್ನು ಅವರ ಬಾಯಿಂದ ಬಂದ ಹಾಗೆಯೇ ಇಳಿಸಿ ಜೊತೆಗೆ ಇಡೋಣ, ಇವರು ವಿರೋಧಿಗಳೆಂದು ನಮಗೆ ಅನಿಸುತ್ತದೆ ಎಂದು ಒಂದು ಸಾಲು ಬರೆಯೋಣ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು. ಮ್ಯಾನೇಜರು ಒಪ್ಪಿದರು. "ಆತು. ಟಿಪ್ಪಣಿ ಕೆಳಗ ನಿಮ್ಮ ಹೆಸರ ಹಾಕ್ರಿ. ನಾಳೆ ಏನರ ಆದ್ರ ನನ್ನ ಕಡೆ ಬರಬ್ಯಾಡ್ರಿ," ಅಂದರು. ನಾನು ಹಾಕಿದೆ. ಕರಾರು ಮುರಿದುಬಿದ್ದರೆ ಆ ಕೋಣೆಯಲ್ಲಿ ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಾರೆಂದು ಗೊತ್ತಿತ್ತು.

ಮತದಾನಕ್ಕೆ ಮುಂಚೆ ಮುಗಿಯಬೇಕಾದ್ದರಿಂದ ರಜೆಯ ದಿನವೂ ಬಂದು ಕೆಲಸ ಮಾಡಿದೆವು. ಒಪ್ಪದ ಸಹೋದ್ಯೋಗಿಯೂ ಬಂದ. ಮೆತ್ತಗಿನ ಮಾತನ್ನು ಪೂರ್ತಿ ಕೇಳುವುದು ಬೈಗುಳ ಕೇಳುವುದಕ್ಕಿಂತ ಕಷ್ಟ. ಎಲ್ಲಿ ತಿರುಗಿತೆಂದು ಗೊತ್ತಾಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಬೇಕು. ವಿದ್ಯುತ್ ಕೈಕೊಟ್ಟು ಟೈಪಿಸಿದ್ದು ಒಮ್ಮೆ ಅಳಿಸಿಯೂ ಹೋಯಿತು. ಕೊನೆಗೆ ಕಳಿಸಿದೆವು. ಸೆನೆಟರರ ಕಚೇರಿಯಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಸಹಾಯಕಿ ಫೋನ್ ಮಾಡಿದಳು. "ಬಹಳ ಉಪಯುಕ್ತವಾದ ಕೆಲಸ. ಎಷ್ಟು ಶ್ರಮಪಟ್ಟಿದ್ದೀರಿ! ಸೆನೆಟರ್ ತಾವೇ ಓದಿದರು. ನಿಮಗೆ ತಮ್ಮ ಧನ್ಯವಾದ ತಿಳಿಸಲು ಹೇಳಿದ್ದಾರೆ." ನಾನು ಆ ಸಂಜೆ ಬಸ್ಸಿನಲ್ಲಿ ನಿಂತೇ ಇದ್ದರೂ ಸುಸ್ತಾಗಲಿಲ್ಲ. ಅವರು ಓದಿದ್ದಾರೆ. ಇನ್ನು ಆಸ್ಪತ್ರೆ ಮುಚ್ಚುವುದಿಲ್ಲ ಎಂದು ಅವ್ವನಿಗೆ ಹೇಳಿದೆ.

ಮತದಾನದ ದಿನದ ಭಾಷಣವೂ ನಮಗೇ ಟೈಪ್ ಮಾಡಲು ಬಂತು. ಎಲ್ಲರೂ ನನ್ನ ಮೇಜಿನ ಸುತ್ತ ನಿಂತರು. ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದೆ. ಅದೇ ಧ್ವನಿ. ಮಸೂದೆ ತಂದ ತಮ್ಮ ಪಕ್ಷದವರ ಶ್ರದ್ಧೆಯನ್ನು ಹೊಗಳಿದರು. ಎದುರಿನವರ ಕಾಳಜಿಯನ್ನು ಹೊಗಳಿದರು. ತಮಗೆ ಕರೆ ಮಾಡಿದ ಜನರನ್ನು ಹೊಗಳಿದರು. ಆಮೇಲೆ ಬಸ್ ಓಡಿಸುತ್ತಿದ್ದ ಒಬ್ಬ ಹೆಂಗಸು, ಕಾಯಿಲೆಯ ಗಂಡ, ಮಂಜುಗಡ್ಡೆಯ ರಸ್ತೆ ಎಂದು ಶುರುಮಾಡಿದರು. ನಮ್ಮ ಟಿಪ್ಪಣಿಯಲ್ಲಿದ್ದ ಮಾತು ಅದು! ಪಕ್ಕದವನು ನನ್ನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದ. ಇಂಥ ಜನರೇ ನಮ್ಮ ರಾಜ್ಯದ ಬೆನ್ನೆಲುಬು, ಈಕೆಯ ಸಹನೆಗೆ ನಾನು ತಲೆಬಾಗುತ್ತೇನೆ ಎಂದರು. ಆಮೇಲೆ, ಭಾರವಾದ ಮನಸ್ಸಿನಿಂದ, ಮುಂದೊಂದು ದಿನ ಇದನ್ನು ಮರಳಿ ಪರಿಶೀಲಿಸುತ್ತೇವೆಂಬ ಭರವಸೆಯಿಂದ, ಮಸೂದೆಯ ಪರವಾಗಿ ಮತ ಹಾಕುತ್ತಿದ್ದೇನೆ ಎಂದರು. ಕೆಲವೇ ಮತಗಳ ಅಂತರದಲ್ಲಿ ಮಸೂದೆ ಪಾಸಾಯಿತು.

ನಾನು ಎದ್ದು ಮೆಟ್ಟಿಲಿಳಿದು ಹೊರಗೆ ಹೋದೆ. ಅಂಚೆ ಕಚೇರಿಯ ಮುಂದೆ, ಪುಸ್ತಕದಂಗಡಿಗಳ ಮುಂದೆ, ಮತ್ತೆ ಅಂಚೆ ಕಚೇರಿಯ ಮುಂದೆ, ನಡು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲದೆ ನಡೆದೆ. ಕೂಗುವವರ ಮೇಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅವರನ್ನು ನಾನು ಎಂದೂ ನಂಬಿರಲಿಲ್ಲ. ನಡೆಯುತ್ತ ನಡೆಯುತ್ತ ಸೆನೆಟರರ ವಾರವಾರದ ಸಂದೇಶಗಳೆಲ್ಲ ನೆನಪಿಗೆ ಬಂದವು. ಹವಾಮಾನ, ಹೊಗಳಿಕೆ, ನಿಮ್ಮ ಮಾತು ನನ್ನ ಮನಸ್ಸಿನಲ್ಲಿರುತ್ತದೆ. ಇಷ್ಟೂ ವಾರಗಳಲ್ಲಿ ಅವರು ಜನರನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ವಾರಕ್ಕೆ ಮೂರು ಸಲ ಅಷ್ಟು ದೂರ ಹೇಗೆ ಹೋಗಿಬರುತ್ತೀರಿ ಎಂದು ಆ ಅಜ್ಜಿಗೆ ತಿರುಗಿ ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಅವರ ಸಹಾಯಕಿಯೂ 'ಇವರು ವಿರೋಧಿಗಳೆಂದು ನಿಮಗೆ ಹೇಗೆ ಗೊತ್ತು' ಎಂದು ನಮ್ಮನ್ನು ಕೇಳಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆಂದು ನಾನು ತಿಳಿದಿದ್ದೆ. ದೀಪ ಎಂದೋ ಆರಿಹೋಗಿತ್ತು.

ಮನೆಗೆ ಬಂದಾಗ ಅವ್ವ ಕೇಳಿದಳು, "ನಿನ್ನ ಅಮೇರಿಕಾದ ಯಜಮಾನ ಏನಂದ?"

"ಉಪ್ಪಿಟ್ಟು ಭಾಳ ಚಲೊ ಆಗಿತ್ತಂತವ್ವ," ಅಂದೆ.

ಅವ್ವನಿಗೆ ಅಷ್ಟೇ ಸಾಕಾಯಿತು. ಮತ್ತೇನೂ ಕೇಳದೆ ತಾಟು ಇಟ್ಟಳು.

ಕರಾರು ಮುರಿಯಲಿಲ್ಲ. ಹೊಸದಾಯಿತು. ಮ್ಯಾನೇಜರು ಪೇಢಾ ಹಂಚಿದರು. ಜೊತೆಗೆ ಗಿರಾಕಿಯ ಒಂದು ಸೂಚನೆಯೂ ಬಂದಿತ್ತು: ಹೆಚ್ಚಿನ ಟಿಪ್ಪಣಿಗಳ ಅಗತ್ಯವಿಲ್ಲ, ವಿಂಗಡಣೆ ಹಳೆಯ ಕ್ರಮದಲ್ಲೇ ಇರಲಿ. "ಎಲ್ಲಾರ ನೌಕರಿ ಉಳದಾವು. ಇನ್ನ ಸುಮ್ಮ ಇರ್ರಿ ಮೇಡಂ," ಎಂದು ಅವರು ಒಂದು ಪೇಢಾ ಹೆಚ್ಚಿಗೆ ಕೊಟ್ಟರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರು ಯಾವತ್ತೂ ಸೆನೆಟರರ ಹಾಗೆ ಮಾತಾಡಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಆ ಅಜ್ಜಿಯ ಕರೆ ಬಂತು. ಮೊದಲಿನಷ್ಟೇ ತಣ್ಣಗಿನ ಧ್ವನಿ. "ಸೆನೆಟರ್, ನಿಮ್ಮ ಭಾಷಣ ಕೇಳಿದೆ. ಬಹಳ ಚೆನ್ನಾಗಿ ಮಾತಾಡಿದಿರಿ. ನಮ್ಮ ವಿಷಯ ಹೇಳಿದ್ದು ಕೇಳಿ ಯಜಮಾನರು ಟೀವಿ ಜೋರು ಮಾಡಿಸಿದರು. ನಿಮಗೆ ಧನ್ಯವಾದ. ಇನ್ನು ಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ." ಅಷ್ಟು ಹೇಳಿ ಫೋನ್ ಇಟ್ಟಳು.

ಕೈಪಿಡಿಯಲ್ಲಿ ಇದಕ್ಕೆ ಸ್ಪಷ್ಟವಾದ ಸಾಲಿತ್ತು. ಧನ್ಯವಾದ ಇದ್ದು ದೂರು ಇಲ್ಲದಿದ್ದರೆ ಮೆಚ್ಚುಗೆ, ಬಿಸಿ ಒಂದು. ನಾನು ವಿರೋಧ ಎಂದು ಹಾಕಿದೆ. ಬಿಸಿಯ ಮನೆಯಲ್ಲಿ ಐದು ಒತ್ತಿ ಪಕ್ಕದ ಮೇಜಿಗೆ ಕಳಿಸಿದೆ.

"ಮೇಡಂ, ಇನೋ ಥ್ಯಾಂಕ್ಯೂ ಬೋಲ್‌ರೇ. ಪಾಂಚ್ ಕೈಕು?" ಅಂದ ಅವನು. ಥ್ಯಾಂಕ್ಯೂ ಅಂದವರಿಗೆ ಐದು ಯಾಕೆ?

"ಕೇಳಿ ನೋಡು," ಎಂದು ಅವನಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದೆ.

ಅವನು ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಒತ್ತಿದ. ಕೊನೆಗೆ ಬಂದ ಮೇಲೆ ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಕರೆ ಮುಗಿದ ಮೇಲೂ ಕಾಲು ಎತ್ತಲಿಲ್ಲ, ಇನ್ನೂ ಏನೋ ಬರುತ್ತದೆ ಎಂಬಂತೆ ಕಾದ. ಆಮೇಲೆ ಹೆಡ್‌ಫೋನ್ ಮೆಲ್ಲಗೆ ಕುತ್ತಿಗೆಗೆ ಇಳಿಸಿದ.

"ರಸ್ತೇ ಕಾ ನೈ ಬೋಲೇ," ಅಂದ. ರಸ್ತೆಯ ಮಾತು ಹೇಳಲಿಲ್ಲ.

ಐದನ್ನು ಹಾಗೆಯೇ ಬಿಟ್ಟು ಅವನು ಕರೆಯನ್ನು ಮುಂದೆ ಕಳಿಸಿದ.